ಹಮ್ಮಾದಿಯ ತೂಕ

ಎರಡು ತಿಂಗಳಲ್ಲಿ ನೆಜಿಯಾ ಗಂಡನ ಬೆಲ್ಟಿಗೆ ಮೂರು ಹೊಸ ತೂತು ಹಾಕಿದ್ದಳು. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಹಮ್ಮಾದಿಯ ತೂಕ ಅರವತ್ತೆಂಟು ಕಿಲೋ. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಮೂರು ಸಲ ಕೀಮೋ ಆಗಿತ್ತು. ಮೂರು ಸಲವೂ ಅದೇ ಅಂಕಿ.

ಮೊದಲು ಅವಳಿಗೆ ತೂಕದ ಯಂತ್ರದ ಮೇಲೆ ಗುಮಾನಿ ಬಂತು. ಆಮೇಲೆ ಹಳೆಯ ಅಂಕಿಯನ್ನೇ ನಕಲು ಮಾಡುತ್ತಾಳೆಂದು ನರ್ಸ್ ರೀಮ್ ಮೇಲೆ. ಕೊನೆಗೆ ಗಂಡನ ಮೇಲೆಯೇ. ಬಾರ್ಲಿ ಗಂಜಿಯ ಬಟ್ಟಲೇನೋ ಖಾಲಿಯಾಗುತ್ತಿತ್ತು, ಆದರೆ ದಪ್ಪಗಾಗುತ್ತಿದ್ದುದು ಅಂಗಳದ ಬೆಕ್ಕು.

"ನೀನು ತಿಂತಿದೀಯೋ, ಬೆಕ್ಕಿಗೆ ಹಾಕ್ತಿದೀಯೋ?"

"ನಾನೇನು ಕಳ್ಳನಾ? ಚೀಟಿ ನೋಡು, ಅರವತ್ತೆಂಟು."

"ಚೀಟಿ ಒಂದು ಹೇಳತ್ತೆ, ನಿನ್ನ ಪಕ್ಕೆಲುಬು ಇನ್ನೊಂದು ಹೇಳತ್ತೆ."

ನಾಲ್ಕನೇ ಸಲಕ್ಕೆ ಕೆರ್ಕೆನ್ನಾ ದ್ವೀಪದಿಂದ ಹಡಗು ಹತ್ತಿ ಸ್ಫಾಕ್ಸ್ ಪಟ್ಟಣದ ಆಸ್ಪತ್ರೆಗೆ ಹೊರಟರು. ಹಮ್ಮಾದಿಗೆ ಜೋಂಪು ಹತ್ತಿತು. ಜಾರಿದ ಕೋಟನ್ನು ಹೊದಿಸಲು ಹೋದ ನೆಜಿಯಾಳ ಕೈ ಭಾರಕ್ಕೆ ಜಗ್ಗಿತು. ಒಳಪದರ ಸವರಿದಳು. ಬಲೆಯಂಚಿಗೆ ಕಟ್ಟುವ ಸೀಸದ ಗುಂಡುಗಳು, ಸಾಲಾಗಿ ಹೊಲಿದಿದ್ದವು. ನಲವತ್ತು ವರ್ಷ ಮೀನುಗಾರನ ಹೆಂಡತಿಯಾಗಿದ್ದವಳಿಗೆ ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಕೋಟನ್ನು ಹಾಗೇ ಅವನಿಗೆ ಹೊದಿಸಿದಳು.

ಆಸ್ಪತ್ರೆಯಲ್ಲಿ ರೀಮ್ ಎಂದಿನಂತೆ, "ಬನ್ನಿ ಹಾಜಿ. ಕೋಟು ಇರಲಿ ಬಿಡಿ, ಈ ಮದ್ದಿಗೆ ಚಳಿ ತಡ್ಯೋಕಾಗಲ್ಲ" ಎಂದಳು.

"ಬಿಚ್ಚು" ಎಂದಳು ನೆಜಿಯಾ.

"ಚಳಿ ಕಣೇ..."

"ಬಿಚ್ಚು ಅಂದೆ."

ಯಂತ್ರ ಅರವತ್ತೆರಡೂವರೆ ತೋರಿಸಿತು. ರೀಮ್ ಡಾಕ್ಟರನ್ನು ಕರೆತರಲು ಓಡಿದಳು.

ಡಾಕ್ಟರ್ ರಫೀಕಾ ಕೋಟನ್ನು ಒಮ್ಮೆ ಎತ್ತಿ ನೋಡಿದರು. "ಹಾಜಿ, ನಿಮ್ಮ ಎತ್ತರ, ತೂಕ ನೋಡ್ಕೊಂಡೇ ಮದ್ದಿನ ಅಳತೆ ಹಾಕೋದು. ಇಲ್ಲದ ಮೈಗೂ ಸೇರಿಸಿ ಕೊಟ್ಟಿದೀವಿ. ರಕ್ತದ ಕಣಗಳು ಯಾಕೆ ಹೀಗೆ ಇಳೀತಿವೆ ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ."

ಹಮ್ಮಾದಿ ನೆಲ ನೋಡುತ್ತ ಹೇಳಿದ. "ತೂಕ ಕಳ್ಕೊಂಡೋರು ಈ ಮದ್ದು ತಡ್ಕೊಳ್ಳೋದು ಕಷ್ಟ ಅಂತ ನೀವೇ ಅಂದಿದ್ರಿ. ಇಳಿದಿದ್ದು ಗೊತ್ತಾದ್ರೆ ಇವನು ಉಳಿಯಲ್ಲ ಅಂತ ಕೈಬಿಡ್ತೀರಿ ಅಂದ್ಕೊಂಡೆ."

"ಕೈಬಿಡೋಕಲ್ಲ, ಊಟ ಸರಿ ಮಾಡೋಕೆ ಹೇಳಿದ್ದು."

ಏನು ತಿಂದರೂ ತುಕ್ಕು ನೆಕ್ಕಿದ ಹಾಗಾಗುತ್ತದೆ ಎಂಬುದನ್ನು ಅವನು ಆಗಷ್ಟೇ ಒಪ್ಪಿಕೊಂಡ. ಕೀಮೋ ಒಂದು ವಾರ ಮುಂದೆ ಹೋಯಿತು, ಅಳತೆ ತಗ್ಗಿತು. ದಿನಕ್ಕೆ ಆರು ಸಲ, ತುಸು ತುಸುವೇ, ಮೊಟ್ಟೆ, ಮೀನು, ಆಲಿವ್ ಎಣ್ಣೆ ಹಾಕಿದ ಬೇಳೆ ಎಂದು ಬರೆದುಕೊಟ್ಟರು.

ವಾಪಸು ಬರುವಾಗ ನೆಜಿಯಾ ಕೇಳಿದಳು: "ಡಾಕ್ಟರಿಗೆ ಸುಳ್ಳು ಹೇಳಿದ್ದಿರಲಿ. ನನಗೂ?"

"ನೀನು ಹೆದರ್ತೀಯ ಅಂತ."

"ಹೆದರೋದು ನನ್ನ ಕೆಲಸ. ತಿನ್ನೋದು ನಿಂದು."

ಚಳಿಗಾಲ ಕಳೆಯುವ ಹೊತ್ತಿಗೆ ಅವನು ನಿಜವಾಗಿಯೂ ಅರವತ್ತೈದಕ್ಕೆ ಬಂದಿದ್ದ. ಚಿಕಿತ್ಸೆ ಮುಗಿಯಿತು. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ; ಐದು ವರ್ಷ ತಪಾಸಣೆಗೆ ಬರುತ್ತಿರಬೇಕು ಎಂದರು ಡಾಕ್ಟರ್. ನೆಜಿಯಾ ಕಣ್ಣೊರೆಸಿಕೊಂಡಳು, ಅವರ ಕೈಗೆ ಮುತ್ತಿಟ್ಟಳು. ಆಮೇಲೆ ಆ ವರದಿಯನ್ನು ಮೇಲುಹೊದಿಕೆಯ ಮರೆಯಲ್ಲಿ ಹಿಡಿದುಕೊಂಡು, ಗಂಡನಿಗೂ ಹೇಳದೆ, ಎದುರು ಬೀದಿಯ ಇನ್ನೊಬ್ಬ ಡಾಕ್ಟರಿಂದ ಓದಿಸಿಕೊಂಡು ಬಂದಳು.