ಇಪ್ಪತ್ತಾರು ಬಾವಿಗಳು

ಎರಡನೆಯ ಆಟದ ಆರನೆಯ ಸರದಿ. ಕಟ್ಟಿನ ಮೇಲಿನ ಕಾರ್ಡಿಗೆ ಹೆಬ್ಬೆರಳು ತಾಗಿದ್ದೇ ತಡ, ಅದು ಬಾವಿಯ ಕಾರ್ಡೆಂದು ಟೈಲರಿಗೆ ಗೊತ್ತಾಗಿಹೋಯಿತು. ಕಾರ್ಡು ಇನ್ನೂ ಬೋರಲಾಗಿಯೇ ಇತ್ತು. ಎತ್ತಿ ನೋಡಿದ. ಬಾವಿಯೇ.

ಅದೃಷ್ಟ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ಬೆರಳಿಗೆ ಬಟ್ಟೆ ಮುಟ್ಟಿ ಮೂವತ್ತೆರಡು ವರ್ಷ ಅಭ್ಯಾಸ. ಕಣ್ಣು ಮುಚ್ಚಿಕೊಂಡೇ ಬಟ್ಟೆಯ ಒಳಮುಖ ಯಾವುದು, ಹೊರಮುಖ ಯಾವುದು ಎಂದು ಹೇಳುತ್ತಿತ್ತು. ಕಟ್ಟನ್ನು ನೇರ ಮಾಡುವವನ ಹಾಗೆ ಅವನು ಮುಂದಿನ ಕಾರ್ಡಿನ ಮೂಲೆಯನ್ನು ಮೆಲ್ಲಗೆ ಸವರಿದ. ನುಣ್ಣಗಿತ್ತು. ಇದು ಬಾವಿಯಲ್ಲ ಎಂದುಕೊಂಡ. ಮರುಸರದಿಯಲ್ಲಿ ಎತ್ತಿದಾಗ ಬಂದದ್ದು ಆನೆ.

"ಏನ್ ಸರ್, ಗಾಡಿ ಇನ್ನೂ ಫಸ್ಟ್ ಗೇರಲ್ಲೇ ಇದೆ," ಎಂದ ಎದುರಿಗೆ ಕೂತಿದ್ದ ಡ್ರೈವಿಂಗ್ ಮೇಷ್ಟ್ರು. ಕಾರು ಕಲಿಸುವುದು ಅವನ ಕೆಲಸ, ಬಾಯಿ ಮುಚ್ಚದಿರುವುದು ಅವನ ಸ್ವಭಾವ. "ನಾನು ನಾಲ್ಕು ಸಲ ಗುದ್ದಿದ್ದಾಯ್ತು. ನೀವು ಇನ್ನೂ ಬಾವಿ ತೋಡ್ತಾನೇ ಇದೀರಿ. ಊರಿಗೆಲ್ಲ ನೀರು ಕೊಡ್ತೀರಾ ಹೇಗೆ?"

ಟೈಲರ್ ನಕ್ಕ ಹಾಗೆ ಮಾಡಿದ.

ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಈ ಆಟದಲ್ಲಿ ಒಬ್ಬೊಬ್ಬರಿಗೂ ಅರವತ್ತು ಕಾರ್ಡಿನ ಒಂದು ಕಟ್ಟು, ಇಪ್ಪತ್ತು ಪ್ರಾಣ. ಬಾವಿ ಕಾರ್ಡನ್ನು ಮೇಜಿನ ಮೇಲಿಟ್ಟರೆ ಸರದಿಗೊಂದು ಕೊಡ ನೀರು ಸಿಗುತ್ತದೆ. ಆ ನೀರು ಕೊಟ್ಟು ಉಳಿದ ಕಾರ್ಡುಗಳನ್ನು ಇಳಿಸಬೇಕು. ನಾಯಿ, ನರಿಗೆ ಒಂದೆರಡು ಕೊಡ ಸಾಕು. ಆನೆಗೆ ಒಂಬತ್ತು ಬೇಕು. ಬುದ್ಧಿ ಇದ್ದವರು ನಾಯಿ ನರಿ ತುಂಬಿಕೊಂಡು ಬಂದು, ಎದುರಿನವನು ಕಣ್ಣು ಬಿಡುವಷ್ಟರಲ್ಲಿ ಕಚ್ಚಿ ಮುಗಿಸುತ್ತಾರೆ. ಟೈಲರ್ ಕಟ್ಟಿದ್ದು ಇಪ್ಪತ್ತಾರು ಬಾವಿಯ ಕಟ್ಟು. ಮೊದಲು ನೀರು, ಆಮೇಲೆ ಮಾತು. ಆರೇಳು ಸರದಿ ಪೆಟ್ಟು ತಿಂದುಕೊಂಡು ಕೂತಿದ್ದು, ಪ್ರಾಣ ಮೂರೋ ನಾಲ್ಕೋ ಉಳಿದಾಗ ಆನೆಗಳ ಹಿಂಡನ್ನೇ ಬಿಡುವುದು ಅವನ ಕ್ರಮ.

ಅದು ಅವನ ಹೆದರಿಕೆಗೆ ಹೇಳಿ ಮಾಡಿಸಿದ ಕಟ್ಟು. ಅವನು ಎಂಥ ಪುಕ್ಕಲನೆಂದರೆ, ಯಾರ ಪ್ಯಾಂಟು ಹೊಲಿದರೂ ಒಳಗೆ ಎರಡಿಂಚು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದ. ಗಿರಾಕಿ ದಪ್ಪಗಾದರೆ? ಬಟ್ಟೆ ನೀರಿಗೆ ಬಿದ್ದು ಕುಗ್ಗಿದರೆ? ಆಟ ಕಲಿಸಿದ ಮಗಳು ಮೊದಲ ದಿನ ಈ ಕಟ್ಟನ್ನು ನೋಡಿ, "ಅಪ್ಪಾ, ಇದು ಕಟ್ಟಲ್ಲ, ನೀನೇ," ಎಂದಿದ್ದಳು.

ಆ ಮಗಳು ಈಗ ಇದೇ ಸಭಾಂಗಣದಲ್ಲಿ, ಹನ್ನೆರಡು ಮೇಜುಗಳ ನಡುವೆ, ಕರಿ ಅಂಗಿ ತೊಟ್ಟು ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದಳು. ಅವಳು ತೀರ್ಪುಗಾರ್ತಿ. ಎರಡು ವರ್ಷ ನಿಯಮದ ಪುಸ್ತಕ ಉರು ಹೊಡೆದು, ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿ ಪರೀಕ್ಷೆ ಪಾಸಾಗಿದ್ದಳು. ಇವತ್ತು ಅವಳ ಮೊದಲ ಪಂದ್ಯಾವಳಿ. ಮೂಲೆಯ ಮೇಜಿನಲ್ಲಿ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡು ಕೂತಿದ್ದವರು ಹಿರಿಯ ತೀರ್ಪುಗಾರ್ತಿ; ಎಲ್ಲರ ಬಾಯಲ್ಲೂ ದೊಡ್ಡಮೇಡಂ. ಸಂಜೆ ಅವರು ಸಹಿ ಹಾಕಿದರೆ ಮಗಳ ಕೆಲಸ ಕಾಯಂ. ಹಾಕದಿದ್ದರೆ ಎರಡು ವರ್ಷ ನೀರಿನಲ್ಲಿ ಹೋಮ. ತೀರ್ಪುಗಾರ್ತಿಯ ಅಪ್ಪನೇ ಆಡುವುದು ಎಂಥ ನ್ಯಾಯ ಎಂದು ಬೆಳಿಗ್ಗೆ ಇಬ್ಬರು ಗೊಣಗಿಯೂ ಇದ್ದರು. ಅಪ್ಪನ ಮೇಜಿನ ತಕರಾರನ್ನೆಲ್ಲ ತಾವೇ ನೋಡುವುದಾಗಿ ದೊಡ್ಡಮೇಡಂ ಅವರ ಬಾಯಿ ಮುಚ್ಚಿಸಿದ್ದರು.

ಟೈಲರ್ ಮೇಜಿನ ಮೇಲಿದ್ದ ತನ್ನ ಬಾವಿಗಳನ್ನು ನೋಡಿದ. ನೀರು ಸೇದಿದಾಗಲೆಲ್ಲ ಬಾವಿ ಕಾರ್ಡನ್ನು ಅಡ್ಡ ತಿರುಗಿಸಬೇಕು, ಮರುಸರದಿಗೆ ನೆಟ್ಟಗೆ ಮಾಡಬೇಕು. ಎಂಟು ತಿಂಗಳಿಂದ ಅಡ್ಡ, ನೆಟ್ಟಗೆ, ಅಡ್ಡ, ನೆಟ್ಟಗೆ. ಕಾರ್ಡಿಗೆ ಹಾಕಿದ್ದ ಪ್ಲಾಸ್ಟಿಕ್ ಕವರಿನ ಎಡಮೂಲೆ ಮೇಜಿಗೆ ಉಜ್ಜಿ ಉಜ್ಜಿ ಜುಂಗು ಎದ್ದಿತ್ತು. ಆನೆಗಳು ಆಟಕ್ಕೊಮ್ಮೆ ಇಳಿಯುವವು. ಅವುಗಳ ಕವರು ಅಂಗಡಿಯಿಂದ ತಂದ ದಿನದ ಹಾಗೆಯೇ ಇತ್ತು. ಹಿಂಭಾಗದಿಂದ ಮುಟ್ಟಿದರೆ ಯಾವುದು ಬಾವಿ, ಯಾವುದಲ್ಲ ಎಂದು ಹೇಳಿಬಿಡಬಹುದಿತ್ತು. ಗುರುತು ಮಾಡಿದ ಕಾರ್ಡು. ಈ ಆಟದಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ.

ಮಗಳು ಹೇಳಿರಲಿಲ್ಲವೆಂದಲ್ಲ. ಒಂದಲ್ಲ, ಮೂರು ಸಲ ಹೇಳಿದ್ದಳು. "ಕವರ್ ಬದಲಾಯಿಸಪ್ಪ, ಹಳೇದಾಯ್ತು." ಪ್ರತಿ ಸಲವೂ ಅವನದು ಒಂದೇ ಉತ್ತರ: "ಇನ್ನೂ ಹರಿದಿಲ್ವಲ್ಲ." ಹರಿಯದ ಬಟ್ಟೆಯನ್ನು ಟೈಲರ್ ಬಿಸಾಡುತ್ತಾನೆಯೇ?

ಇಲ್ಲಿ ಗೆದ್ದರೆ ಕೊನೆಯ ನಾಲ್ವರಲ್ಲಿ ಒಬ್ಬ. ಆ ನಾಲ್ವರ ಕಟ್ಟನ್ನು ದೊಡ್ಡಮೇಡಂ ಒಂದೊಂದೇ ಕಾರ್ಡು ತಿರುಗಿಸಿ ಪರೀಕ್ಷಿಸುತ್ತಾರೆ. ಆಗ ಸಿಕ್ಕಿಬೀಳುತ್ತಾನೆ. ಅಪ್ಪ ಗುರುತು ಮಾಡಿದ, ಮಗಳು ಕಣ್ಣು ಮುಚ್ಚಿಕೊಂಡಳು ಎನ್ನುತ್ತಾರೆ.

ದಾರಿ ಒಂದಿತ್ತು. ಸೋಲುವುದು. ಮೂರು ಆಟದ ಈ ಪಂದ್ಯದಲ್ಲಿ ಮೊದಲನೆಯದನ್ನು ಅವನು ಗೆದ್ದಿದ್ದ. ಇದನ್ನೂ ಮುಂದಿನದನ್ನೂ ಸೋತುಬಿಟ್ಟರೆ ಕಟ್ಟನ್ನು ಯಾರೂ ಮುಟ್ಟುವುದಿಲ್ಲ. ಜೇಬಿಗೆ ಹಾಕಿಕೊಂಡು, ಮಗಳಿಗೆ ಕೈ ಬೀಸಿ, ಬಸ್ಸು ಹತ್ತಿ ಮನೆಗೆ ಹೋಗಬಹುದು. ಎಷ್ಟು ಸುಲಭ. ಅವನು ಆನೆಯನ್ನು ಕೈಯಲ್ಲೇ ಇಟ್ಟುಕೊಂಡು, ನೀರಿದ್ದೂ ಇಳಿಸದೆ, "ನಿಮ್ಮ ಸರದಿ," ಎಂದ.

"ಒಂಬತ್ತು ಬಾವಿ ತೋಡಿ ಸುಮ್ನೆ ಕೂತ್ರಲ್ಲ ಸರ್," ಎಂದ ಮೇಷ್ಟ್ರು. ಅವನ ದನಿಯಲ್ಲಿ ಈಗ ತಮಾಷೆ ಕಡಿಮೆಯಿತ್ತು. "ಏನೋ ಹೊಂಚು ಹಾಕಿದೀರಿ. ನಾನು ಹುಷಾರಾಗಿರ್ಬೇಕು."

ಪಾಪ, ಅವನು ತನ್ನ ನರಿಗಳನ್ನು ಹಿಂದಕ್ಕೆ ಎಳೆದುಕೊಂಡ. ಟೈಲರ್ ಸೋಲಲು ಹೊರಟರೂ ಸೋಲು ಹತ್ತಿರ ಬರಲೊಲ್ಲದು.

ಆಗಲೇ ಅವನಿಗೆ ಬೆಳಗಿನ ಮೂರನೆಯ ಪಂದ್ಯ ನೆನಪಾಗಿದ್ದು. ಎದುರಿಗೆ ಬೇಕರಿ ನಡೆಸುವ ಹೆಂಗಸು. ಅವನ ಪ್ರಾಣ ಎರಡಕ್ಕೆ ಬಂದಿತ್ತು. ಇನ್ನೊಂದು ಬಾವಿ ಸಿಕ್ಕಿ ಆನೆ ಇಳಿದರೆ ಬದುಕಿದ, ಇಲ್ಲದಿದ್ದರೆ ಇಲ್ಲ. ಪೆಟ್ಟು ತಡೆಯಲು ಕೈಯಲ್ಲಿ ಉಳಿದಿದ್ದ ಒಂದೇ ಒಂದು ಗೋಡೆ ಕಾರ್ಡನ್ನು ಇಳಿಸಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ನೀರು ಆನೆಗಿರಲಿ, ಬೇಡ ಎಂದುಕೊಂಡಿದ್ದ. ಮುಂದಿನದು ಬಾವಿಯೇ ಬರುತ್ತದೆ ಎಂದು ಮನಸ್ಸು ಹೇಳಿತ್ತು. ಬಂದಿತ್ತು. ಗೆದ್ದಿದ್ದ. ಬೇಕರಿಯಾಕೆ ಕೈ ಕುಲುಕಿ, "ನಿಮ್ಮ ಧೈರ್ಯ ದೊಡ್ಡದು," ಎಂದಿದ್ದಳು. ಹುಟ್ಟಿದಾಗಿನಿಂದ ಅವನಿಗೆ ಯಾರೂ ಹೇಳದ ಮಾತು. ಊಟದ ಹೊತ್ತಿನವರೆಗೂ ಅವನು ಅದನ್ನೇ ಮೆಲುಕು ಹಾಕಿದ್ದ.

ಯೋಚಿಸುತ್ತಿದ್ದಷ್ಟು ಹೊತ್ತು ಹೆಬ್ಬೆರಳು ಎಲ್ಲಿತ್ತು? ನೆನಪಿಸಿಕೊಳ್ಳಲು ನೋಡಿದ. ಕಟ್ಟಿನ ಮೇಲೆ. ಮೂಲೆಯ ಮೇಲೆ.

ಹಾಗಾದರೆ ಹೇಳಿದ್ದು ಮನಸ್ಸೋ, ಬೆರಳೋ? ಇವತ್ತು ಗೆದ್ದ ನಾಲ್ಕು ಪಂದ್ಯವೂ? ಕಳೆದ ತಿಂಗಳಿನವು? ಸಿಕ್ಕಿಬೀಳುವ ಹೆದರಿಕೆ ಅವನಿಗೆ ಪರಿಚಯದ್ದೇ, ನೆಂಟನ ಹಾಗೆ ಮನೆಗೆ ಬಂದು ಹೋಗುತ್ತಿದ್ದುದು. ಇದು ಬೇರೆ. ತಾನು ಕಳ್ಳನೋ ಅಲ್ಲವೋ ತನಗೇ ತಿಳಿಯದ ಹೆದರಿಕೆ.

ಮುಂದಿನ ಕಾರ್ಡು ಎತ್ತಬೇಕಿತ್ತು. ಬೆರಳು ತಾಗಿತು. ಜುಂಗು. ಬಾವಿ.

ಟೈಲರ್ ಕಾರ್ಡು ಎತ್ತಲಿಲ್ಲ. ಕೈ ಎತ್ತಿದ.

"ತೀರ್ಪುಗಾರರೇ," ಎಂದ.

ಮಗಳು ಬಂದಳು. ಹಿಂದೆಯೇ, ಮೇಜು ಯಾವುದೆಂದು ನೋಡಿಕೊಂಡು, ದೊಡ್ಡಮೇಡಮ್ಮೂ ಎದ್ದು ಬಂದರು.

"ಹೇಳಿ," ಎಂದಳು ಮಗಳು. ಮನೆಯಲ್ಲಿ ಏಕವಚನ, ಇಲ್ಲಿ ಬಹುವಚನ, ಅದು ಸರಿಯೇ.

"ನನ್ನ ಕವರು ಸವೆದಿದೆ. ಬಾವಿಯವು ಮಾತ್ರ. ಮುಟ್ಟಿದ್ರೆ ಗೊತ್ತಾಗ್ತಿದೆ."

ಮೇಷ್ಟ್ರು ಕುರ್ಚಿ ಹಿಂದೆ ಸರಿಸಿದ. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಮಗಳು ದೊಡ್ಡಮೇಡಂ ಕಡೆ ನೋಡಿದಳು.

"ತೀರ್ಮಾನ ನಂದು," ಎಂದರು ದೊಡ್ಡಮೇಡಂ. "ಪರೀಕ್ಷೆ ನೀನು ಮಾಡು. ನಿನ್ನ ಕೈ ನೋಡ್ಬೇಕು ನಾನು."

ಮಗಳು ಅರವತ್ತು ಕಾರ್ಡನ್ನೂ ಸೇರಿಸಿ, ಕಲೆಸಿ, ಬೋರಲಾಗಿ ಹಿಡಿದುಕೊಂಡಳು. ಆಮೇಲೆ ಕಣ್ಣು ಮುಚ್ಚಿದಳು. ಒಂದೊಂದನ್ನೇ ಹೆಬ್ಬೆರಳಿನಿಂದ ಸವರಿ ಎಡಕ್ಕೊಂದು ರಾಶಿ, ಬಲಕ್ಕೊಂದು ರಾಶಿ ಇಡತೊಡಗಿದಳು. ತಡವರಿಸಲಿಲ್ಲ. ಅವಳದೂ ಟೈಲರ್ ಮನೆಯ ಬೆರಳೇ. ಪ್ರತಿ ಕಾರ್ಡು ಬಿದ್ದಾಗಲೂ ಟೈಲರ್ ಒಳಗೊಳಗೇ ಎಣಿಸಿದ. ಎಲ್ಲಾದರೂ ಒಂದು ತಪ್ಪಲಿ ಎಂದು ಬೇಡಿಕೊಂಡ. ದೊಡ್ಡಮೇಡಂ ಎಡಗಡೆಯ ರಾಶಿಯನ್ನು ಮಗುಚಿ ಹರಡಿದರು. ಇಪ್ಪತ್ತಾರೂ ಬಾವಿಗಳೇ.

ಮೇಷ್ಟ್ರು ಕೈ ಚಾಚಿ ಒಂದರ ಮೂಲೆಯನ್ನು ತಾನೂ ಸವರಿ ನೋಡಿದ.

"ಗೊತ್ತಿತ್ತಾ ನಿಮಗೆ?" ಎಂದಳು ಮಗಳು, ಕಾಗದ ತೆಗೆದುಕೊಂಡು.

"ಈ ಆಟದಲ್ಲಿ ಗೊತ್ತಾಯ್ತು. ಎರಡು ಮೂರು ಸರದಿ ಆಯ್ತು ಗೊತ್ತಾಗಿ."

"ಆಗಲೇ ಯಾಕೆ ಕರೀಲಿಲ್ಲ?"

"ಹೆದರಿಕೆ ಆಯ್ತು."

"ಅದಕ್ಕೂ ಮುಂಚೆ?"

ಇಲ್ಲ ಎಂದುಬಿಡಬಹುದಿತ್ತು. ಒಂದೇ ಮಾತು. ಅವನು ಮಗಳ ಪೆನ್ನಿನ ತುದಿಯನ್ನೇ ನೋಡಿದ. "ನನಗೆ ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿತ್ತೋ ಏನೋ, ಹೇಳಕ್ಕೆ ಬರಲ್ಲ."

"ಎರಡು ದಾರಿ ಇದೆ," ಎಂದರು ದೊಡ್ಡಮೇಡಂ, ಮಗಳಿಗೆ. "ಬೇಕಂತ ಮಾಡಿದ್ರೆ ಇವತ್ತೇ ಹೊರಗೆ, ಒಂದು ವರ್ಷ ಎಲ್ಲೂ ಆಡೋ ಹಾಗಿಲ್ಲ. ಬೇಕಂತ ಅಲ್ಲ ಅಂದ್ರೆ ಈ ಆಟ ಸೋತ ಹಾಗೆ. ಹೊಸ ಕವರ್ ಹಾಕಿ ಮುಂದಿನ ಆಟ ಆಡ್ಬಹುದು. ಇವರು ನಿನಗೆ ಯಾರೂ ಅಲ್ಲ ಅಂದ್ಕೊ. ಏನು ಬರೀತಿದ್ದೆ? ಬರಿ. ಆಮೇಲೆ ನಾನು ಹೇಳ್ತೀನಿ."

ಪೆನ್ನು ನಿಂತಿತು. ಸಿಕ್ಕಿಬೀಳುವುದು, ಸೋಲುವುದು, ಜನ ಆಡಿಕೊಳ್ಳುವುದು, ಇವೆಲ್ಲ ಟೈಲರಿಗೆ ಆ ಕ್ಷಣದಲ್ಲಿ ಏನೂ ಅನ್ನಿಸಲಿಲ್ಲ. ಮಗಳು ತನ್ನನ್ನು ಏನೆಂದು ತಿಳಿದಿದ್ದಾಳೆ ಎನ್ನುವುದು ಈಗ ಕಾಗದದ ಮೇಲೆ ಬರುತ್ತದೆ. ಅಷ್ಟೊಂದು ಹೆದರಿಕೆಯನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ.

ಅವಳು ಬರೆದಳು. ಗಿರಾಕಿಗಳ ಕೊರಳಿಂದ ತಲೆಕೆಳಗಾಗಿ ಇಳಿಯುವ ಟೇಪನ್ನು ದಿನವೂ ಓದುವವನಿಗೆ ಉಲ್ಟಾ ಅಕ್ಷರ ಓದುವುದು ಕಷ್ಟವಲ್ಲ. 'ಉದ್ದೇಶ' ಎಂಬ ಖಾನೆಯ ಮುಂದೆ ಅವಳು ಹೌದು ಎಂದೂ ಬರೆದಿರಲಿಲ್ಲ, ಇಲ್ಲ ಎಂದೂ ಬರೆದಿರಲಿಲ್ಲ. 'ಆಟಗಾರರು ತಾವಾಗಿ ಕೈ ಎತ್ತಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು' ಎಂದಿತ್ತು.

ದೊಡ್ಡಮೇಡಂ ಕನ್ನಡಕ ಏರಿಸಿ ಓದಿದರು. ಎರಡು ಸಲ ಓದಿದರು. ಆಮೇಲೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಈ ಆಟ ಸೋತಿರಿ," ಎಂದರು ಟೈಲರಿಗೆ. "ಹತ್ತು ನಿಮಿಷ ಇದೆ. ಹೊಸ ಕವರ್ ಹಾಕ್ಕೊಳ್ಳಿ." ಮಗಳ ಕಡೆ ತಿರುಗಿ, "ನೀನು ಇಲ್ಲೇ ನಿಂತು ನೋಡ್ಕೊ," ಎಂದು ಹೋದರು. ಸಹಿಯ ಮಾತೇ ಎತ್ತಲಿಲ್ಲ.

ಮೇಷ್ಟ್ರು ತನ್ನ ಚೀಲದಿಂದ ಕವರಿನ ಹೊಸ ಪೊಟ್ಟಣ ತೆಗೆದು ಮೇಜಿನ ಮೇಲೆ ತಳ್ಳಿದ. "ತಗೊಳ್ಳಿ ಸರ್. ನೀಲಿ ಬಣ್ಣ. ನಿಮಗೆ ನೀರು ಅಂದ್ರೆ ಪ್ರಾಣ ಅಲ್ವಾ." ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಟೈಲರ್ ಹಳೆಯ ಕವರಿನಿಂದ ಒಂದೊಂದೇ ಕಾರ್ಡು ಬಿಡಿಸಿ ಹೊಸದಕ್ಕೆ ತೊಡಿಸತೊಡಗಿದ. ಮಗಳು ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತಳು. ಸಹಾಯ ಮಾಡುವ ಹಾಗಿಲ್ಲ, ಮಾತಾಡುವ ಹಾಗೂ ಇಲ್ಲ. ಮೂವತ್ತನೆಯದೋ ನಲವತ್ತನೆಯದೋ ತೊಡಿಸುತ್ತಿರುವಾಗ ಮೇಜಿನ ಮೇಲೆ ನೆರಳು ಬಿತ್ತು. ಬೇಕರಿಯಾಕೆ.

"ಬೆಳಿಗ್ಗೆ ನನ್ನ ಹತ್ರ ಆಡಿದ್ರಲ್ಲ," ಎಂದಳು. ಸಿಟ್ಟಿನಿಂದೇನೂ ಅಲ್ಲ. "ಆ ಗೋಡೆ ಇಳಿಸದೆ ಕಾದ್ರಲ್ಲ, ಅವಾಗ?"

"ಗೊತ್ತಿಲ್ಲಮ್ಮ," ಎಂದ ಟೈಲರ್. "ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ."

ಅವಳು ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಂಡು, ಅವನ ಕೈ ಕಾಣುವ ಹಾಗೆ ಕೂತಳು.

ಹತ್ತು ನಿಮಿಷ ಮುಗಿಯಿತು. ಅರವತ್ತು ನೀಲಿ ಬೆನ್ನುಗಳು, ಒಂದಕ್ಕೊಂದು ತದ್ರೂಪು. ಮೇಷ್ಟ್ರು ಕಟ್ಟನ್ನು ಕಲೆಸಿ ಕೊಟ್ಟ. ಏಳು ಕಾರ್ಡು ಹಂಚಿಕೊಂಡಾಯಿತು. ಅದರಲ್ಲಿ ಬಾವಿ ಒಂದೇ ಒಂದು. ಮೊದಲ ಸರದಿ ಟೈಲರನದು. ಕಟ್ಟು ಮುಂದಿತ್ತು. ಅವನು ಅಭ್ಯಾಸಬಲದಿಂದ ಬಲಗೈ ಚಾಚಿದವನು ಅರ್ಧದಲ್ಲೇ ನಿಲ್ಲಿಸಿದ. ಆ ಕೈಯನ್ನು ಹಿಂದಕ್ಕೆ ತೆಗೆದು, ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಭಾರ ಹಾಕಿ ಕೂತ. ಆಮೇಲೆ ಎಡಗೈ ಚಾಚಿ, ಎಳೆಮಕ್ಕಳ ಹಾಗೆ ತಡವರಿಸುತ್ತ, ಮೇಲಿನ ಕಾರ್ಡನ್ನು ಎಬ್ಬಿಸಲು ನೋಡಿದ.