ಏಣಿಯ ಬುಡದಲ್ಲಿ ಹಾರುವ ವೀರ

ಎದುರಿಗಿದ್ದದ್ದನ್ನು ಇದ್ದ ಹಾಗೇ ಬಿಡಿಸುವುದರಲ್ಲಿ ಅಕ್ಕ ಎತ್ತಿದ ಕೈ. ಚದುರಂಗದ ಕುದುರೆಯ ಕಿವಿ ಮುಕ್ಕಾಗಿದ್ದರೆ ಕ್ಯಾನ್ವಾಸಿನಲ್ಲೂ ಮುಕ್ಕೇ. ಆದರೆ ಮೇಜಿನ ಮೇಲೆ ಏನಿಡಬೇಕೆಂದು ಅವಳಿಗೆ ಹೊಳೆಯುತ್ತಿರಲಿಲ್ಲ. ಅದು ತಂಗಿಯ ಪಾಲಿನ ಕೆಲಸ.

ನಾಲ್ಕು ಜನರೆದುರು ತಂಗಿಯ ಬಾಯಿಗೆ ಬೀಗ. ಆಟಿಕೆ ಕೈಗೆ ಬಂದರೆ ಮಾತ್ರ ಬೆರಳುಗಳಿಗೆ ಮಾತು ಬರುತ್ತಿತ್ತು. ಡೈನೋಸಾರನ್ನು ಚದುರಂಗಕ್ಕೆ ಕೂರಿಸಿ, ಅದರ ಬಾಯಲ್ಲಿ ಎದುರಾಳಿಯ ರಾಜನನ್ನು ಸಿಕ್ಕಿಸಿದವಳು ಅವಳೇ. ಆ ಚಿತ್ರಕ್ಕೆ ಸಂಗ್ರಹಕಾರರು ಮುಗಿಬಿದ್ದಿದ್ದರು.

"ಈ ಸಲ ಪ್ರತಿ ಚಿತ್ರದ ಪಕ್ಕ ನಿನ್ನ ಹೆಸರೂ ಇರುತ್ತೆ, ನಿನ್ನಾಣೆ," ಎಂದಿದ್ದಳು ಅಕ್ಕ.

ಪ್ರದರ್ಶನದ ದಿನ ತಂಗಿ ಗೋಡೆಗುಂಟ ಒಂದೊಂದೇ ಚೀಟಿ ಓದುತ್ತ ಹೋದಳು. ಎಲ್ಲದರಲ್ಲೂ ಅಕ್ಕನ ಹೆಸರೊಂದೇ. ಮುದ್ರಿಸುವವನ ತಪ್ಪಿರಬೇಕು ಎಂದುಕೊಳ್ಳುವಷ್ಟರಲ್ಲಿ ಯಾರೋ ಅಕ್ಕನನ್ನು ಕೇಳಿದರು, "ಇಂಥವೆಲ್ಲ ಹೇಗೆ ಹೊಳೆಯುತ್ತೆ ಮೇಡಂ?"

"ಒಬ್ಬಳೇ ಕೂತಾಗ ತಾನಾಗೇ ಬರುತ್ತೆ," ಎಂದಳು ಅಕ್ಕ.

"ಇವರು?"

"ನನ್ನ ತಂಗಿ. ಬ್ರಷ್ ತೊಳೆದುಕೊಡ್ತಾಳೆ, ಪಾಪ."



ಮರುದಿನ ಬೆಳಿಗ್ಗೆ ಅವಳು ಚಿತ್ರದ ಕೋಣೆಗೆ ಹೋದಳು. ಮೇಜಿನ ಮೇಲೆ ಅವಳೇ ಜೋಡಿಸಿಟ್ಟ ಹಾವು ಏಣಿಯ ಬೋರ್ಡು. ಆಕಾಶದಲ್ಲಿ ಹಾರಬಲ್ಲ ಗೊಂಬೆವೀರ ಏಣಿಯ ಬುಡದಲ್ಲಿ, ದಾಳ ಬೀಳಲೆಂದು ಕೈಕಟ್ಟಿ ಕಾಯುತ್ತಿದ್ದ. ಕ್ಯಾನ್ವಾಸಿನಲ್ಲಿ ಅವನಿಗಿನ್ನೂ ಮುಖ ಮೂಡಿರಲಿಲ್ಲ. ಎದುರಿಗೆ ಸಾಮಾನಿಲ್ಲದೆ ಅಕ್ಕ ಒಂದು ಗೆರೆಯನ್ನೂ ಎಳೆಯಲಾರಳು ಎಂಬ ಧೈರ್ಯದ ಮೇಲೆ ತಂಗಿ ವೀರನನ್ನೂ ದಾಳವನ್ನೂ ಡಬ್ಬಿಗೆ ತುಂಬಿ, ಬೋರ್ಡು ಮಡಚಿದಳು.

ಅಕ್ಕ ಬಂದು ಬರಿ ಮೇಜು ನೋಡಿದಳು. "ಓಹೋ, ಮುನಿಸಾ?" ಎಂದು ಫೋನು ತೆಗೆದು ಕ್ಯಾನ್ವಾಸಿನ ಪಕ್ಕ ಆನಿಸಿದಳು. ಪರದೆಯಲ್ಲಿ ಮೊದಲೇ ತೆಗೆದಿಟ್ಟ ಫೋಟೊ: ವೀರ, ಏಣಿ, ದಾಳದ ನೆರಳು ಸಮೇತ. "ಒಂದಿನ ನೀನು ಹೀಗೆ ಮಾಡ್ತೀಯ ಅಂತ ಗೊತ್ತಿತ್ತು ಕಣೆ."

ಅವಳು ಬೆರಳು ಸರಿಸಿದಂತೆಲ್ಲ ಬೇರೆ ಜೋಡಣೆಗಳ ಫೋಟೊಗಳು ಬಂದವು. ತಂಗಿ ತನ್ನ ಪಾಡಿಗೆ ಜೋಡಿಸಿ, ಸರಿಬರಲಿಲ್ಲವೆಂದು ಕೆಡವಿದ್ದವು. ಯಾರಿಗೂ ತೋರಿಸದೆ ಕೆಡವಿದ್ದವು.

"ಕೇಳಬಹುದಿತ್ತಲ್ಲಕ್ಕಾ."

"ಕೇಳಿದ್ರೆ ಕೊಡ್ತಿದ್ದೆ ತಾನೆ? ಮತ್ತೇನು!"

ಕೊಡುತ್ತಿದ್ದದ್ದು ನಿಜ. ತಂಗಿ ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಹೊರಟಳು. ಕಾಲು ಮೆಟ್ಟಿಲಿಳಿಯುತ್ತಿತ್ತು, ಕಿವಿ ಮಾತ್ರ ಮೇಲೆಯೇ ಉಳಿದಿತ್ತು. ಅಲ್ಲಿ ಅಕ್ಕ ಬ್ರಷ್ಷನ್ನು ಗಾಜಿನ ಲೋಟದಲ್ಲಿ ಅದ್ದಿ, ಅಂಚಿಗೆ ತಟ್ಟಿ, ಕೆಲಸಕ್ಕೆ ಕೂತಳು.