ತಲೆಗೆ ಮುತ್ತು

“ಹಂದಿ ಜೊತೆ ಬಿದ್ದೂ ಬಿದ್ದೂ ನಿಮ್ ದೇವ್ರೂ ನಾರ್ತಾನೆ ಕಣ್ರೋ, ಸೂಳೇಮಕ್ಳಾ,” ಎಂದ ಕಸದ ಗುತ್ತಿಗೆದಾರ ಮೆತ್ವಲಿ.

ಕೈರೋದ ಆ ಎತ್ತರದ ಕಟ್ಟಡದ ಮೆಟ್ಟಿಲಿಳಿಯುತ್ತಿದ್ದ ಶೆಹಾತಾನ ಬೆನ್ನ ಮೇಲೆ ಕಸದ ಬುಟ್ಟಿಯಿತ್ತು. ಕೊಳೆನೀರು ಕುತ್ತಿಗೆಗೆ ಸೋರುತ್ತಿತ್ತು. ಕೆಳಗೆ ಕತ್ತೆಗಾಡಿ ಹಿಡಿದು ನಿಂತಿದ್ದ ಅವನ ತಾಯಿ ದಮ್ಯಾನಾಳಿಗೆ ಈ ಬೈಗುಳ ಹೊಸದಲ್ಲ. ಮುಸ್ಲಿಮರ ಊರಲ್ಲಿ ಕ್ರಿಸ್ತನ ಒಕ್ಕಲಾಗಿ ಹುಟ್ಟಿ, ಎತ್ತಿದ ಕಸ ತಿನ್ನಿಸಿ ಹಂದಿ ಸಾಕಿದ ತಪ್ಪಿಗೆ ಕೇಳಿಕೊಂಡೇ ಮುದುಕಿಯಾಗಿದ್ದಳು. ಅವತ್ತು ಮಗ ಮಾತ್ರ ಬಾಯಿ ಮುಚ್ಚಿಕೊಳ್ಳಲಿಲ್ಲ.

“ನನ್ ದೇವ್ರು ನನ್ನಂಥೋರ ಜೊತೆ ಕೂತು ಉಂಡವ್ನೆ. ನಿನ್ನೋನು ಯಾರ ಜೊತೆ ಉಂಡ, ಹೇಳು.”

ಸಂಜೆಯೊಳಗೆ ಅವನು ಠಾಣೆಯಲ್ಲಿದ್ದ. ಮೆತ್ವಲಿ ದೂರು ಕೊಟ್ಟಿದ್ದ, ಧರ್ಮನಿಂದನೆಯ ಕೇಸು.

ಮೊದಲು ಬೈದವನು ಮೆತ್ವಲಿ ಎಂದು ದಮ್ಯಾನಾ ಗೋಗರೆದಳು. ಕಾನೂನು ಎಲ್ಲ ಧರ್ಮಕ್ಕೂ ಒಂದೇ ಎಂದ ಅಧಿಕಾರಿ, ಅವನದು ಬರೀ ಬೈಗುಳ, ನಿನ್ನ ಮಗನದು ನಿಂದನೆ ಎಂದ. ವ್ಯತ್ಯಾಸ ಏನೆಂದು ಕೇಳಿದ್ದಕ್ಕೆ ಕಣ್ಣು ಕೆಂಪಗೆ ಮಾಡಿದ.

ಎರಡೂ ಕಡೆಯ ಹಿರಿಯರು ರಾಜಿ ಸಭೆ ಕೂರಿಸಿದರು. ರಿವಾಜಿನಂತೆ ಮೆತ್ವಲಿಯ ತಲೆಗೆ ಮುತ್ತಿಟ್ಟು ತಪ್ಪಾಯಿತು ಅಂದುಬಿಡು, ಮಗನನ್ನು ಬಿಡುತ್ತಾರೆ, ಇಲ್ಲದಿದ್ದರೆ ನಮ್ಮ ಕೇರಿಗೆ ಬೆಂಕಿ ಬೀಳುತ್ತದೆ ಎಂದು ಪಾದ್ರಿ ಇಬ್ರಾಮ್ ಮೊದಲೇ ಬಂದು ಅಂಗಲಾಚಿದ್ದ. ಅವನನ್ನು ನೋಡಿ ಅವಳಿಗೆ ಪಾಪ ಅನಿಸಿತು, ಹೇಸಿಗೆಯೂ ಆಯಿತು.

ಸಭೆಯಲ್ಲಿ ಎಲ್ಲರಿಗೂ ಚಹಾ ಬಂತು, ಅವಳಿಗೆ ಬರಲಿಲ್ಲ. ನನ್ನ ದೇವರಿಗೆ ಬೈದದ್ದಕ್ಕೆ ಯಾರು ತಪ್ಪಾಯಿತು ಅನ್ನುತ್ತಾರೆ ಎಂದು ಕೇಳುವುದಿತ್ತು. ಒಳಗಿರುವ ಮಗ ನೆನಪಾಗಿ ಮಾತು ನುಂಗಿಕೊಂಡಳು. ಬಾಗಿ, ಮಗನ ವಯಸ್ಸಿನವನ ತಲೆಗೆ ತುಟಿ ತಾಗಿಸಿದಳು.

“ಕ್ಷಮಿಸಿವ್ನಿ, ಹೋಗ್ ಮುದ್ಕಿ,” ಎಂದ ಮೆತ್ವಲಿ. ಇಲ್ಲಿ ಭೇದಭಾವವೇ ಇಲ್ಲ ಎಂದು ಹಿರಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಅಲ್ಲಿಂದ ಅವಳು ಮಗನಿಗೊಂದು ಒಗೆದ ಅಂಗಿ ಹಿಡಿದು ಠಾಣೆಗೆ ಓಡಿದಳು. ಕ್ಷಮಿಸಿದ್ದು ಮೆತ್ವಲಿ, ಕೇಸು ಸರ್ಕಾರದ್ದು ಎಂದ ಅಧಿಕಾರಿ. ಬಿಡುವ ಮಾತೇ ಇಲ್ಲ, ಜೈಲಿಗೆ ಕಳಿಸಿಯಾಯಿತು.

ದಮ್ಯಾನಾ ಅಂಗಿಯನ್ನು ಅವನ ಮೇಜಿನ ಮೇಲೆ ಎಸೆದಳು. ಬಾಗಿಲಾಚೆಯ ಜನಕ್ಕೂ ಕೇಳುವಂತೆ, ಮಗ ಆಡಿದ್ದ ಮಾತನ್ನೇ ಒಂದಕ್ಷರ ಬಿಡದೆ ಆಡಿದಳು.

“ನನ್ನೂ ಒಳಗಾಕು ಈಗ. ಅವ್ನಿಗೆ ಆ ಮಾತು ಕಲ್ಸಿದೋಳೇ ನಾನು.”

ಅಧಿಕಾರಿ ಎದ್ದು ಬಾಗಿಲು ಮುಚ್ಚಿದ. ಸಿಟ್ಟೂ ಮಾಡಲಿಲ್ಲ.

“ಮನೆಗೋಗಮ್ಮ. ನಿನ್ನೂ ಹಿಡ್ದಾಕಿದ್ರೆ ನಾಳೆ ಈ ಬೀದಿ ಕಸ ಎತ್ತೋರ್ಯಾರು?”

ಅವಳು ಕದಲಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ ಆಡಿದಳು, ಮತ್ತೂ ಜೋರಾಗಿ. ಯಾರೂ ಬರೆದುಕೊಳ್ಳಲಿಲ್ಲ.